ಏಳು ಗಂಟೆಯ ಬಸ್ಸು

ಅಮ್ಮ ಮೂವತ್ತೆರಡು ವರ್ಷ ನಾಲ್ಕನೇ ತರಗತಿಗೆ ಹಳೆಯ ರಾಜಧಾನಿಯ ಪಾಠ ಮಾಡಿದ್ದಳು. ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. ಅರಮನೆಗೆ ಎಷ್ಟು ಬಾಗಿಲು, ಕೋಟೆಗೆ ಎಷ್ಟು ಬುರುಜು, ಊರಾಚೆಯ ಕೆರೆಯ ನಡುವೆ ರಾಣಿ ಕಟ್ಟಿಸಿದ ಬೇಸಿಗೆ ಅರಮನೆಗೆ ಎಷ್ಟು ಕಂಬ, ಎಲ್ಲ ಬಾಯಿಪಾಠ. ನಿವೃತ್ತಿಯಾದ ಮೇಲೆ ನೋಡಿಬರೋಣ ಎನ್ನುತ್ತಲೇ ಹತ್ತು ವರ್ಷ ಕಳೆದುಹೋಗಿತ್ತು. ಕೊನೆಗೆ ಪ್ರಯಾಣ ಗಟ್ಟಿಮಾಡಿದವಳು ದೊಡ್ಡ ಮಗಳು.

ದೊಡ್ಡವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜಿ, ಅಂಚು ತೀಡಿ, ಫ್ರೇಮಿಗೆ ಕೂರಿಸುವುದು. ಮದುವೆಯಾಗಿರಲಿಲ್ಲ, ಅಮ್ಮನ ಜೊತೆಗೇ ಇದ್ದಳು. ನಾಲ್ಕು ದಿನ ರಜೆ ಕೇಳಿ, ಎರಡು ಮಂಚದ ರೂಮು ಹಿಡಿದು, ಅಮ್ಮನಿಗೆ ದೂರ ನೋಡಲೆಂದು ಹೊಸ ಕನ್ನಡಕವನ್ನೂ ತಾನೇ ಮಾಡಿದಳು. ನಾಲ್ಕು ದಿನ, ಅಮ್ಮ ಮತ್ತು ತಾನು ಇಬ್ಬರೇ. ಹಾಗೆಂದು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೊರಡುವ ಹಿಂದಿನ ದಿನ ಅಮ್ಮ ಫೋನಿನಲ್ಲಿ ಚಿಕ್ಕವಳಿಗೆ ಹೇಳಿಬಿಟ್ಟಳು.

ಚಿಕ್ಕವಳು ದೂರದ ನಗರದಲ್ಲಿ ರೇಡಿಯೋ ನಿರೂಪಕಿ. ಬೆಳಗಿನ ಆರು ಗಂಟೆಗೆ ಅವಳ ಧ್ವನಿ ಮನೆಮನೆಗೂ ಬರುತ್ತಿತ್ತು. ಆ ಹೊತ್ತಿಗೆ ಅಮ್ಮನ ಮಂಡಿಗೆ ಬಿಸಿನೀರಿನ ಚೀಲ ಕಟ್ಟುತ್ತಿದ್ದ ದೊಡ್ಡವಳು ಏನಾದರೂ ಮಾತಾಡಲು ಹೋದರೆ, "ಸುಮ್ನಿರೇ, ಅವಳು ಮಾತಾಡ್ತಿದಾಳೆ" ಎಂದು ಅಮ್ಮ ಕೈ ಎತ್ತುತ್ತಿದ್ದಳು. ಹನ್ನೊಂದು ವರ್ಷದಿಂದ ಹೀಗೇ.

ಇವರು ರೈಲಿಳಿದಾಗ ಚಿಕ್ಕವಳು ನಿಲ್ದಾಣದಲ್ಲಿ ನಿಂತಿದ್ದಳು. "ನನ್ನ ಬಿಟ್ಟು ಹೋಗ್ತೀರಾ ಇಬ್ರೂ?" ಎಂದು ಅಮ್ಮನನ್ನು ತಬ್ಬಿಕೊಂಡಳು. ಅಮ್ಮನ ಮುಖ ಹೇಗೆ ಅರಳಿತೆಂದರೆ, ದೊಡ್ಡವಳು ಚೀಲಗಳನ್ನು ಎಣಿಸುವ ನೆಪದಲ್ಲಿ ಅತ್ತ ತಿರುಗಿಕೊಂಡಳು.

ಹೋಟೆಲಿನವರು ಮೂರನೇ ಮಂಚ ತಂದು ಅಮ್ಮನ ಮಂಚಕ್ಕೆ ಒತ್ತಿ ಹಾಕಿದರು. ಅದರಲ್ಲಿ ಚಿಕ್ಕವಳು ಮಲಗಿದಳು. ಬಚ್ಚಲ ಬಾಗಿಲ ಹತ್ತಿರದ ಮಂಚ ದೊಡ್ಡವಳ ಪಾಲಾಯಿತು.

ಮೊದಲ ದಿನ ಅರಮನೆ ನೋಡಿದರು. ಟಿಕೆಟ್ ಕೊಡುವವಳು ಕಿಟಕಿಯಿಂದ ತಲೆ ಹೊರಹಾಕಿ, "ನೀವು ರೇಡಿಯೋದವರಲ್ವಾ? ಧ್ವನಿ ಕೇಳಿದ ಕೂಡಲೇ ಗೊತ್ತಾಯ್ತು" ಎಂದಳು. ಅಮ್ಮ ತಾನೇ ರಾಜ್ಯ ಗೆದ್ದವಳ ಹಾಗೆ, "ನನ್ನ ಮಗಳು" ಎಂದಳು. ಪಕ್ಕದಲ್ಲಿ ನೀರಿನ ಬಾಟಲಿ, ಮಾತ್ರೆ ಡಬ್ಬಿ, ಮೂವರ ಕೊಡೆ ಹೊತ್ತು ನಿಂತವಳೂ ಮಗಳೇ ಎಂದು ಅಮ್ಮನಿಗೆ ಹೊಳೆಯಲಿಲ್ಲ. ಟಿಕೆಟಿನವಳಿಗಂತೂ ಹೊಳೆಯುವ ಮಾತೇ ಇಲ್ಲ.

ದರ್ಬಾರಿನ ಮೆಟ್ಟಿಲು ಕಡಿದಾಗಿತ್ತು. "ಮಂಡಿ ನೋಯ್ತಿದ್ಯಾಮ್ಮ?" ಎಂದು ಚಿಕ್ಕವಳು ಕೇಳಿದಳು.

"ಎಲ್ಲಿ ನೋವು? ಏನೂ ಇಲ್ಲ ಪುಟ್ಟಿ, ನಡಿ" ಎಂದು ಅಮ್ಮ ಅವಳ ತೋಳು ಹಿಡಿದು ಸರಸರ ಹತ್ತಿದಳು.

ಹಿಂದೆ ಬರುತ್ತಿದ್ದ ದೊಡ್ಡವಳು ಅರ್ಧ ಮೆಟ್ಟಿಲಲ್ಲೇ ನಿಂತು ನೋಡಿದಳು. ಮನೆಯಲ್ಲಿ ಹಾಸಿಗೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ನಾಲ್ಕು ಸಲ ನರಳುವ ಮಂಡಿ ಇದು. ನೋವೆಲ್ಲ ತನಗೆ, ನಗುವೆಲ್ಲ ಅವಳಿಗೆ. ಚಿಕ್ಕವಳ ಮೇಲೆ ಸಿಟ್ಟಾಗಲು ಕಾರಣ ಹುಡುಕಿದಳು. ಸಿಗಲಿಲ್ಲ. ದಾರಿಯುದ್ದಕ್ಕೂ ಅವಳು, "ಅಕ್ಕ, ಆ ಚೀಲ ನಂಗೆ ಕೊಡು" ಎನ್ನುತ್ತಲೇ ಇದ್ದಳು. ದೊಡ್ಡವಳೇ ಕೊಟ್ಟಿರಲಿಲ್ಲ. ಅದೂ ಉರಿಯಿತು.

ಸಂಜೆ ರೂಮಿನಲ್ಲಿ ಚಿಕ್ಕವಳು ಕೇಳಿದಳು. "ನಾಳೆ ಕೆರೆಯ ಅರಮನೆಗೆ ಬಸ್ಸು ಎಷ್ಟೊತ್ತಿಗೆ ಅಕ್ಕ?"

ದೊಡ್ಡವಳು ಆಗಷ್ಟೇ ಕೆಳಗೆ ಕೌಂಟರಿನಲ್ಲಿ ವಿಚಾರಿಸಿ ಬಂದಿದ್ದಳು. ದಿನಕ್ಕೆ ಒಂದೇ ಬಸ್ಸು, ಬೆಳಗ್ಗೆ ಏಳಕ್ಕೆ.

"ಒಂಬತ್ತೂವರೆಗೆ" ಎಂದಳು ದೊಡ್ಡವಳು.

ತಿದ್ದಲು ಸಮಯವಿತ್ತು. ತಿದ್ದಲಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಅಮ್ಮನ ಭುಜ ಮೆಲ್ಲಗೆ ಅಲುಗಿಸಿದಳು. ಪುಟ್ಟಿಯನ್ನು ಎಬ್ಬಿಸುವುದಿಲ್ಲವೇ ಎಂದು ಅಮ್ಮ ಸನ್ನೆಯಲ್ಲೇ ಕೇಳಿದಳು. "ಸುಸ್ತಾಗಿದಾಳೆ, ಮಲಗಲಿ. ಮುಂದಿನ ಬಸ್ಸಿಗೆ ಬರ್ತಾಳೆ" ಎಂದು ಪಿಸುಗುಟ್ಟಿ, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು.

ಬಸ್ಸಿನಲ್ಲಿ ಅಮ್ಮನಿಗೆ ಕಿಟಕಿಯ ಸೀಟು ಕೊಟ್ಟಳು. ದಾರಿಯಲ್ಲಿ ರಾಜರ ಗೋರಿಗಳ ಗುಡ್ಡ, ಪಾಳುಬಿದ್ದ ಆನೆಲಾಯ, ಹಳೆಯ ಕಲ್ಲಿನ ಸೇತುವೆ ಬಂದವು. ಪ್ರತಿಯೊಂದಕ್ಕೂ ಅಮ್ಮ ಒಂದೇ ಮಾತು ಹೇಳಿದಳು: "ಪುಟ್ಟಿ ನೋಡಬೇಕಿತ್ತು." ಗುಡ್ಡ ದಾಟಿದ ಮೇಲೆ, "ಒಂದು ಫೋನಾದ್ರೂ ಮಾಡೇ, ಎದ್ಳಾ ಅಂತ" ಎಂದಳು. ದೊಡ್ಡವಳು ನಂಬರನ್ನೇ ಒತ್ತದೆ ಫೋನನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೂತಳು. "ತೆಗೀತಿಲ್ಲಮ್ಮ" ಎಂದಳು. ಮೂರನೇ ಸುಳ್ಳು ಮೊದಲಿನ ಎರಡಕ್ಕಿಂತ ಸಲೀಸಾಗಿ ಬಂದಿತ್ತು.

ಕೆರೆಯ ನಡುವಿನ ಅರಮನೆಗೆ ಉದ್ದನೆಯ ಕಲ್ಲುದಾರಿ. ಒಳಗೆ, ನೀರಿಗಿಳಿಯುವ ಮೆಟ್ಟಿಲ ಮೇಲೆ ಗೈಡೊಬ್ಬ ಇಪ್ಪತ್ತು ಮೂವತ್ತು ಜನರನ್ನು ಸುತ್ತ ನಿಲ್ಲಿಸಿಕೊಂಡು, ದುಃಖ ತುಂಬಿದ ಗಂಟಲಲ್ಲಿ ಹೇಳುತ್ತಿದ್ದ. "ರಾಜ ಯುದ್ಧದಲ್ಲಿ ಸತ್ತ ಅಂತ ಕೇಳಿದ ರಾಣಿ, ಇದೇ ಮೆಟ್ಟಿಲಿಂದ ನೀರಿಗೆ ಹಾರಿದಳು."

"ಹಾರಲಿಲ್ಲ" ಎಂದಳು ಅಮ್ಮ.

ಎಲ್ಲರೂ ತಿರುಗಿ ನೋಡಿದರು.

"ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಆಳಿದಳು. ಈ ಮೆಟ್ಟಿಲು ಕಟ್ಟಿಸಿದ್ದೇ ಅದರ ಐದನೇ ವರ್ಷ. ಇನ್ನೂ ಕಟ್ಟದೇ ಇರೋ ಮೆಟ್ಟಿಲಿಂದ ಹಾರೋದು ಹೇಗಪ್ಪ?"

ಜನ ನಕ್ಕರು. ಗೈಡ್ ಒಳ್ಳೆಯವನು, ತಾನೂ ನಕ್ಕು, "ನೀವೇ ಹೇಳಿ ಅಜ್ಜಿ" ಎಂದು ಪಕ್ಕಕ್ಕೆ ಸರಿದ.

ಅಮ್ಮ ಸೆರಗು ಸರಿಮಾಡಿಕೊಂಡಳು. ಮುಂದಿನ ಮುಕ್ಕಾಲು ಗಂಟೆ ಅಲ್ಲಿ ನಡೆದದ್ದು ಪಾಠ. ರಾಣಿಯ ಪಟ್ಟಾಭಿಷೇಕ, ಮುತ್ತಿಗೆ, ಊರಿಗೆ ನೀರು ತಂದ ಕಾಲುವೆ. ಧ್ವನಿ ಏರಿಸುವಲ್ಲಿ ಏರಿಸಿದಳು, ತಗ್ಗಿಸುವಲ್ಲಿ ತಗ್ಗಿಸಿದಳು. ಹಿಂದೆ ಪಿಸುಗುಟ್ಟುತ್ತಿದ್ದ ಇಬ್ಬರು ದಪ್ಪ ಮೀಸೆಯವರನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸಿದಳು. ಮಂಡಿ ಎಂಬುದೊಂದು ಇದೆಯೆಂದು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ.

ದೊಡ್ಡವಳು ಕಂಬಕ್ಕೊರಗಿ ಬೆರಗಾಗಿ ನಿಂತಿದ್ದಳು. ಅಮ್ಮನ ಪಾಠವನ್ನು ಅವಳು ಕೇಳುತ್ತಿದ್ದುದು ಇದೇ ಮೊದಲು. ಓದಿದ್ದು ಅಮ್ಮನ ಶಾಲೆಯಲ್ಲೇ. ಆದರೆ ಮಗಳೆಂದು ಅಂಕ ಕೊಟ್ಟಳು ಎಂದು ಯಾರೂ ಆಡಿಕೊಳ್ಳಬಾರದೆಂದು ಅಮ್ಮ ಅವಳನ್ನು ಪಕ್ಕದ ವಿಭಾಗಕ್ಕೆ ಹಾಕಿಸಿದ್ದಳು. ಚಿಕ್ಕವಳ ಕಾಲಕ್ಕೆ ಶಾಲೆಯಲ್ಲಿ ಒಂದೇ ವಿಭಾಗ ಉಳಿದಿತ್ತು, ಅವಳಿಗೆ ವರ್ಷಪೂರ್ತಿ ಅಮ್ಮನೇ ಟೀಚರ್. ಪಕ್ಕದ ಕೋಣೆಯ ಗೋಡೆಯಾಚೆಯಿಂದ ಅಮ್ಮನ ಪಾಠಕ್ಕೆ ಮಕ್ಕಳು ಗೊಳ್ಳೆಂದು ನಗುವುದನ್ನು ದೊಡ್ಡವಳು ಎಷ್ಟೋ ಸಲ ಕೇಳಿದ್ದಳು. ಯಾಕೆ ನಕ್ಕರೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ತನಗೇ ತಿಳಿಯದೆ ಕೇಳಿಬಿಟ್ಟಳು. "ಟೀಚರ್, ಇಷ್ಟು ದೊಡ್ಡ ಕಲ್ಲುಗಳನ್ನ ನೀರಿನ ನಡುವೆ ತಂದದ್ದು ಹೇಗೆ?"

"ಒಳ್ಳೆ ಪ್ರಶ್ನೆ. ಆದ್ರೆ ಕೈ ಎತ್ತಿ ಕೇಳಬೇಕು" ಎಂದಳು ಅಮ್ಮ ಅತ್ತ ನೋಡದೆಯೇ. "ನೀರಿನ ನಡುವೆ ತರಲಿಲ್ಲ. ಒಣ ಹಳ್ಳದಲ್ಲಿ ಮೊದಲು ಅರಮನೆ ಕಟ್ಟಿದ್ರು, ಆಮೇಲೆ ಕೆರೆ ತುಂಬಿಸಿದ್ರು." ಆಗ ಮುಖ ಎತ್ತಿದಳು. ಕೇಳಿದವಳು ಯಾರೆಂದು ಕಂಡಿತು. ಒಂದು ಗಳಿಗೆ ಮಾತು ತಡವರಿಸಿ, ಮತ್ತೆ ಮುಂದುವರಿದಳು.

ಜನ ಚಪ್ಪಾಳೆ ತಟ್ಟಿ ಚದುರಿದ ಮೇಲೆ ಅಮ್ಮ ಮೆಟ್ಟಿಲ ಮೇಲೆ ಕುಳಿತಳು. ಮುಖದಲ್ಲಿ ಹರೆಯದ ಕಳೆ ಬಂದಿತ್ತು.

"ಪುಟ್ಟಿ ಕೇಳಿದ್ರೆ ಎಷ್ಟು ಖುಷಿ ಪಡ್ತಿದ್ಳು."

"ನಾನು ಕೇಳಿದೆನಲ್ಲಮ್ಮ."

"ನೀನು ಬಿಡು, ಯಾವಾಗ್ಲೂ ಇರೋಳು" ಎಂದಳು ಅಮ್ಮ, ಪ್ರೀತಿಯಿಂದಲೇ.

ಆ ಪ್ರೀತಿಯೇ ಚುಚ್ಚಿತು. ಇಡೀ ದಿನವನ್ನು ಕದ್ದು ತಂದರೂ ಅದರಲ್ಲಿ ಚಿಕ್ಕವಳೇ ತುಂಬಿದ್ದಳು.

ಸಂಜೆ ಇಬ್ಬರೂ ಮರಳಿದಾಗ ಚಿಕ್ಕವಳು ಹೋಟೆಲಿನ ತಾರಸಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ಯಾಕೆ ಬರಲಿಲ್ಲ ಎಂದು ಅಮ್ಮ ಕೇಳಿದ್ದಕ್ಕೆ, "ಹೋಗ್ಲಿ ಬಿಡಮ್ಮ, ಚೆನ್ನಾಗಿ ನಿದ್ದೆ ಮಾಡಿದೆ" ಎಂದು ನಕ್ಕಳು. ಅಮ್ಮ ಮೆಟ್ಟಿಲಿನ ಕತೆಯನ್ನು ಎರಡೆರಡು ಸಲ ಹೇಳಿ, ದಣಿದು ಮಲಗಲು ಹೋದಳು. ಅಕ್ಕತಂಗಿಯರು ಇಬ್ಬರೇ ಉಳಿದರು.

"ಅಕ್ಕ, ಬಸ್ಸು ಏಳಕ್ಕೆ ಅಂತ ನಂಗೆ ಗೊತ್ತಿತ್ತು. ಕೌಂಟರಿನ ಹಿಂದೆ ಬೋರ್ಡೇ ಇದೆ."

ದೊಡ್ಡವಳ ಕೈಯಲ್ಲಿದ್ದ ಒದ್ದೆ ಟವೆಲು ಹಾಗೇ ನಿಂತಿತು. "ಮತ್ಯಾಕೆ ಏಳಲಿಲ್ಲ?"

"ದಿನಾ ನಾಲ್ಕಕ್ಕೆ ಏಳೋಳು ನಾನು. ಎಚ್ಚರವಾಗೇ ಇದ್ದೆ. ನಿಂಗೆ ಬೇಕಿತ್ತು ಅನ್ನಿಸ್ತು, ಬಿಟ್ಟೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇದು ಭಿಕ್ಷೆ ಹಾಕಿದ ಹಾಗಾಯಿತು. "ಅದರಲ್ಲೂ ನೀನೇ ದೊಡ್ಡೋಳಾದೆ" ಎಂದಳು. "ಅಮ್ಮನ ನಗು ನಿಂಗೆ, ಪಾಠ ನಿಂಗೆ. ಈಗ ದೊಡ್ಡ ಮನಸ್ಸೂ ನಿಂದೇ."

ಚಿಕ್ಕವಳು ಕ್ಲಿಪ್ಪು ಹಾಕುವುದನ್ನು ನಿಲ್ಲಿಸಿದಳು. "ದೊಡ್ಡ ಮನಸ್ಸಾ? ಹಾಸಿಗೇಲಿ ಮಲಗಿ ಹಲ್ಲು ಕಡೀತಿದ್ದೆ. ಅಮ್ಮನ ಕಣ್ಣಿನ ಆಪರೇಷನ್ ಆದದ್ದು ನಂಗೆ ಗೊತ್ತಾಗಿದ್ದು ನಾಲ್ಕು ದಿನ ಆದ್ಮೇಲೆ. ಜ್ವರ ಬಂದ್ರೂ 'ಚೆನ್ನಾಗಿದೀನಿ ಪುಟ್ಟಿ' ಅಂತಾಳೆ. ನೆಂಟರ ಮುಂದೆ ಹೊಸ ಸೀರೆ ಉಟ್ಕೊಂಡು ಕೂತ ಹಾಗೆ ಮಾತಾಡ್ತಾಳೆ ನನ್ನ ಹತ್ರ. ಒಂದು ದಿನನಾದ್ರೂ ನಿನ್ನ ಬೈದ ಹಾಗೆ ನನ್ನ ಬೈದಿದಾಳಾ?"

ತಂಗಿಗೂ ತನ್ನ ಮೇಲೆ ಹೊಟ್ಟೆಕಿಚ್ಚು ಇದೆ ಎಂದು ತಿಳಿದದ್ದೇ ದೊಡ್ಡವಳಿಗೆ ಒಳಗೊಳಗೆ ಹಿತವಾಯಿತು. ಹಿತವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಟವೆಲು ಹರವಿ, ಕ್ಲಿಪ್ಪಿಗೆ ಕೈಚಾಚಿದಳು.

ಉಳಿದ ಎರಡು ದಿನ ಮೂವರೂ ಒಟ್ಟಿಗೆ ಕೋಟೆ ಸುತ್ತಿದರು. ಕೊನೆಯ ಮಧ್ಯಾಹ್ನ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾಗ ದೊಡ್ಡವಳು ಇದ್ದಕ್ಕಿದ್ದಂತೆ ಹೇಳಿದಳು. "ಅಮ್ಮ, ನೀನು ಒಂದು ತಿಂಗಳು ಪುಟ್ಟಿ ಮನೇಲಿ ಇದ್ದು ಬಾ." ಮುಂದೆ ಯಾರು ಕೇಳಿದರೂ, ಅದು ಪ್ರೀತಿಯಿಂದ ಹೇಳಿದ್ದೋ, 'ಈಗ ನೋಡ್ಕೋ' ಎಂಬ ಹಟದಿಂದ ಹೇಳಿದ್ದೋ ಅವಳಿಗೆ ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಅಮ್ಮ ಹೋಗಲಾರೆನೆಂದು ಹತ್ತು ನೆಪ ಹೇಳಿ, ಹನ್ನೊಂದನೆಯದು ತೋಚದೆ ಚಿಕ್ಕವಳ ರೈಲು ಹತ್ತಿದಳು.

ಹತ್ತನೇ ದಿನ ಅಂಗಡಿಯಲ್ಲಿ ಗಾಜಿನ ಅಂಚು ತೀಡುತ್ತಿದ್ದಾಗ ಫೋನು ಬಂತು. ಚಿಕ್ಕವಳ ಧ್ವನಿ ರೇಡಿಯೋದ ಧ್ವನಿಯಾಗಿರಲಿಲ್ಲ.

"ಅಕ್ಕ, ಸಾಕಾಗಿದೆ ನಂಗೆ. ದಿಂಬು ಎತ್ತರ ಆಯ್ತಂತೆ, ಚಹಾ ಆರಿದೆಯಂತೆ, ಕಿಟಕಿ ತೆಗೆದ್ರೆ ಚಳಿ, ಹಾಕಿದ್ರೆ ಸೆಕೆ. ಇವತ್ತು ಚೆನ್ನಾಗಿ ಬೈದ್ಳು. ಎಲ್ಲದಕ್ಕೂ, 'ನಿಮ್ಮಕ್ಕ ಆಗಿದ್ರೆ ಕೇಳದೇನೇ ಮಾಡ್ತಿದ್ಳು' ಅಂತ."

ಬೈಗುಳ ತಿಂದವಳ ದನಿಯಲ್ಲಿ ಒಂದು ಬಗೆಯ ಸಂತೋಷವೂ ಇತ್ತು. ದೊಡ್ಡವಳು ಯಂತ್ರ ನಿಲ್ಲಿಸಿದಳು. ಕೈ ಒರೆಸಿಕೊಂಡು, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಳು.

"ಸರಿಯಾಗಿ ಕೇಳಿಸಲಿಲ್ಲ ಪುಟ್ಟಿ. ಏನಂದ್ಳು, ಇನ್ನೊಂದ್ಸಲ ಹೇಳು."