ನಿದ್ದೆಗೊಂದು ಗುಟುಕು

ಹಾಲಿನ ಲೋಟವನ್ನು ತುಟಿಯವರೆಗೂ ತಂದವಳು, ಮೂಗಿಗೆ ಅಡರಿದ ಘಾಟಿಗೆ ಅಲ್ಲೇ ತಡೆದಳು.

"ಅತ್ತೆ, ಇದರಲ್ಲಿ ಏನು ಹಾಕಿದೀರಿ?"

"ಸುಮ್ನೆ ಕುಡಿಯೇ. ಬಸುರಿ ಹೆಂಗಸು, ರಾತ್ರಿಯೆಲ್ಲ ಅತ್ತಿದೀಯ. ನಿಮ್ಮಮ್ಮನ್ನ ಎತ್ತೋವರೆಗೆ ಸ್ವಲ್ಪ ಕಣ್ಣು ಮುಚ್ಚು." ಅಪ್ಪನ ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಒಂದು ಚಮಚ ಬ್ರಾಂದಿ, ಅಷ್ಟೇ. ಔಷಧಿ ಇದ್ದ ಹಾಗೆ."

ಅವಳು ಲೋಟವನ್ನು ಕೆಳಗಿಟ್ಟಳು. ಹೊರಗಿನ ಕೋಣೆಯಲ್ಲಿ ಅಮ್ಮನ ಹೆಣವನ್ನು ಚಾಪೆಯ ಮೇಲೆ ಮಲಗಿಸಿದ್ದರು. ಆಯುಷ್ಯವಿಡೀ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಉಜ್ಜಿದ ಕೈ ಎದೆಯ ಮೇಲೆ ಸುಮ್ಮನಿತ್ತು. ಪಕ್ಕದಲ್ಲಿ ತಮ್ಮ ಹಳೇ ಪತ್ರಿಕೆಯಿಂದ ನೊಣ ಓಡಿಸುತ್ತಿದ್ದ. ಮೂವತ್ತರ ಹತ್ತಿರ ಬಂದರೂ ಎಲ್ಲರಿಗೂ ಅವನು ಪುಟ್ಟನೇ. ನೆರೆಮನೆಯಾಕೆಯ ಪಿಸುಮಾತು ಒಳಗಿನವರೆಗೂ ಬಂತು: "ಹೊಟ್ಟೇಲಿದ್ದಾಗ ತಾಯಿ ಕುಡೀತಿದ್ದಳಂತೆ. ಮಗ ಹೀಗಾಗದೆ ಇನ್ನೇನು?"

ಮಾತು ಹಳೆಯದೇ. ಆದರೆ ಅಮ್ಮನ ಹತ್ತಿರ ಈ ವಾಸನೆ ಅವಳಿಗೆ ಒಂದು ದಿನವೂ ಬಂದಿರಲಿಲ್ಲ.

*

ಅವಳಿಗಾಗ ಹತ್ತು ವರ್ಷ. ಪುಟ್ಟನ ವಿಷಯದಲ್ಲಿ ಶಾಲೆಯವರು ಕೈಚೆಲ್ಲಿದ್ದರು. ಡಾಕ್ಟರಮ್ಮ ಅವನ ಕಿರಿದಾದ ಕಣ್ಣು, ತೆಳು ಮೇಲ್ತುಟಿ ನೋಡಿ ಕೇಳಿದರು: "ಇವನು ಹೊಟ್ಟೆಯಲ್ಲಿದ್ದಾಗ ಮದ್ಯ ಏನಾದ್ರೂ ಕುಡೀತಿದ್ರಾ?"

ಅಮ್ಮ ಅತ್ತೆಯ ಕಡೆ ತಿರುಗಿದಳು. ಅತ್ತೆ ಗೋಡೆಯ ಕಡೆ ತಿರುಗಿದರು.

"ಕುಡೀತಿದ್ದೆ. ಮಗುವಿಗೆ ಕೆಟ್ಟದ್ದು ಅಂತ ಗೊತ್ತಿರಲಿಲ್ಲ ಡಾಕ್ಟ್ರೇ," ಅಂದಳು ಅಮ್ಮ.

"ಇಷ್ಟಾದ್ರೆ ಪರವಾಗಿಲ್ಲ ಅನ್ನೋದು ಇದರಲ್ಲಿ ಇಲ್ಲಮ್ಮ. ಒಂದು ಗುಟುಕೂ ಬೇಡ."

ಅಂದಿನಿಂದ ಅಪ್ಪ ಅಮ್ಮನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

*

"ಅಮ್ಮನಿಗೂ ಹೀಗೇ ಹಾಲಲ್ಲಿ ಬೆರೆಸಿ ಕೊಡ್ತಿದ್ರಾ ಅತ್ತೆ?"

"ದಿನವೆಲ್ಲ ನಿಂತು ಕಾಲು ಬಾತುಕೊಂಡು ಬರ್ತಿದ್ದಳು. ನಿದ್ದೆ ಬರಲಿ ಅಂತ..."

"ದಿನಾ?"

"ನಾನು ಬಸುರಿ ಇದ್ದಾಗಲೂ ನಮ್ಮಮ್ಮ ಅದನ್ನೇ ಕೊಟ್ಟಿದ್ದು. ನನ್ನ ಮಕ್ಕಳಿಗೇನಾಯ್ತು? ಡಾಕ್ಟರು ಸಾವಿರ ಹೇಳ್ತಾರೆ."

ಅವಳಿಗೆ ತಟ್ಟನೆ ಹೊಳೆಯಿತು. ಈ ಮಗು ಚೆನ್ನಾಗಿ ಹುಟ್ಟಿದರೆ, ಅಮ್ಮನಿಗೆ ಕೊಟ್ಟದ್ದೂ ಔಷಧಿಯೇ ಎಂದು ಅತ್ತೆ ನಂಬಿಕೊಳ್ಳಬಹುದಿತ್ತು.

"ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಅವಳೇ ಒಪ್ಪಿಕೊಂಡ್ಲಲ್ಲ..."

"ಈಗ ಹೇಳಿ. ಅಮ್ಮ ಈ ಹೊಸ್ತಿಲು ದಾಟೋ ಮುಂಚೆ ಹೇಳಿ."

ಅತ್ತೆ ಬಹಳ ಹೊತ್ತು ಅವಳ ಹೊಟ್ಟೆಯನ್ನೇ ನೋಡುತ್ತ ನಿಂತರು. ಆಮೇಲೆ ಹೊರಗೆ ನಡೆದರು. ನೆರೆಮನೆಯಾಕೆ ಸರಿದು ಜಾಗ ಬಿಟ್ಟಳು. ಅತ್ತೆ ಕೂರಲಿಲ್ಲ.

"ಅವಳಾಗಿ ಕುಡಿದದ್ದಲ್ಲ. ನಾನು ಕೊಡ್ತಿದ್ದೆ."

ಮೂಲೆಯಲ್ಲಿದ್ದ ಅಪ್ಪ ತಲೆ ಎತ್ತಿದ. ಪುಟ್ಟ ಎದ್ದು ಬಂದ; ಅತ್ತೆಯ ಗಲ್ಲ ಹಿಡಿದು, ಅಂಗಿಯ ತುದಿಯಿಂದ ಅವರ ಕೆನ್ನೆಯನ್ನು ಒತ್ತಿ ಒತ್ತಿ ಒರೆಸತೊಡಗಿದ. ಅತ್ತೆ ಕೈ ಎರಡೂ ಇಳಿಬಿಟ್ಟು, ಕಣ್ಣು ಮುಚ್ಚಿ, ಒರೆಸಿಕೊಳ್ಳುತ್ತ ನಿಂತರು.