ಮೂರನೇ ಸಂಪುಟದ ಅಂಚು

"ಸಹಿ ಹಾಕಿಬಿಡ್ತೀನಿ ಅಣ್ಣ. ಒಂದು ಸಲ ತಲೆನೋವು ಮುಗೀಲಿ" ಎಂದು ತಂಗಿ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಅಣ್ಣ ಪುಸ್ತಕದ ಬೈಂಡರ್; ಅವನ ಎರಡೂ ಕೈಗೆ ಅಂಟು ಮೆತ್ತಿತ್ತು. ಕಾಗದವನ್ನು ಮೊಣಕೈಯಿಂದ ಸರಿಸಿಕೊಂಡು, ಬಗ್ಗಿ ಓದಿದ. 'ನನ್ನ ಮೇಲಿನ ದೂರು ನಿಜ. ತಪ್ಪನ್ನು ಒಪ್ಪಿಕೊಂಡಿದ್ದೇನೆ. ಕೊಡುವ ಶಿಕ್ಷೆಗೆ ಬದ್ಧಳಾಗಿದ್ದೇನೆ.' ಕೆಳಗೆ ಸಹಿಗೆ ಜಾಗ.

"ಏನು ದೂರು?"

"ಯಾರಿಗ್ಗೊತ್ತು! ಯಾರೋ ಪ್ರಯಾಣಿಕರು ಬರೆದಿದಾರಂತೆ. ಏನು ಅಂತ ಕೇಳಿದ್ರೆ, ನೀವು ಮಾಡಿದ್ದು ನಿಮಗೇ ಗೊತ್ತಿರತ್ತಲ್ಲಮ್ಮ ಅಂತಾರೆ ಮ್ಯಾನೇಜರು."

ತಂಗಿ ಹದಿನೆಂಟು ವರ್ಷದಿಂದ ಬಸ್ ಕಂಡಕ್ಟರ್. ನಿಂತೂ ನಿಂತೂ ಕಾಲಿನ ನರ ಉಬ್ಬಿವೆ, ಕೂಗಿ ಕೂಗಿ ಗಂಟಲು ಒಡೆದಿದೆ. ಆದರೂ ಆ ಕೆಲಸ ಅವಳಿಗೆ ಪ್ರಾಣ. ಸಹಿ ಹಾಕಿದರೆ ಬಸ್ಸು ತೊಳೆಯುವ ಶೆಡ್ಡಿಗೆ ಹಾಕುತ್ತಾರೆ. ಹಾಕದಿದ್ದರೆ ಮನೆಗೇ ಕಳಿಸುತ್ತಾರೆಂದು ಡಿಪೋದಲ್ಲಿ ಎಲ್ಲರೂ ಹೆದರಿಸಿದ್ದಾರೆ. ಮಧ್ಯಾಹ್ನ ಮೂರಕ್ಕೆ ಕಾಗದ ಒಪ್ಪಿಸಬೇಕು.

ಬೈಂಡರ್ ಕೆಲಸಕ್ಕೆ ತಿರುಗಿದ. ದಾರಿ ಕಾಣದಾಗ ಕೆಲಸ ಮಾಡುವುದು ಅವನ ಅಭ್ಯಾಸ. ಸಾರ್ವಜನಿಕ ಗ್ರಂಥಾಲಯದ ಹಿಂಬದಿಯ ಈ ಕೋಣೆಯಲ್ಲಿ ಮೂವತ್ತು ವರ್ಷದಿಂದ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುತ್ತಿದ್ದಾನೆ, ಒಂದನ್ನೂ ಓದಿಲ್ಲ. ಓದುತ್ತ ಕೂತರೆ ದಿನಕ್ಕೆ ನಾಲ್ಕು ಪುಸ್ತಕ ಮುಗಿಯುವುದಿಲ್ಲ ಎಂಬುದು ಅವನ ವಾದ. ಇವತ್ತು ಬಂದಿದ್ದು ದೇಶ ಹುಟ್ಟಿದ ಹೊಸತರಲ್ಲಿ ಅದರ ಸಂವಿಧಾನ ಬರೆಯಲು ಸೇರಿದ್ದ ಸಭೆಯ ಚರ್ಚೆಗಳು, ಆರು ಸಂಪುಟ. ಐದು ಸಂಪುಟಗಳು ಮುದ್ರಣಾಲಯದಿಂದ ನಿನ್ನೆ ಬಂದಂತಿದ್ದವು. ಮೂರನೆಯದರ ಬೆನ್ನು ಮಾತ್ರ ಮುರಿದುಹೋಗಿತ್ತು. ಕೈ ಒರೆಸಿಕೊಂಡು ಅದನ್ನು ಕತ್ತರಿಸುವ ಯಂತ್ರದ ಕೆಳಗಿಟ್ಟ. ಅಂಚನ್ನು ಒಂದಿಷ್ಟು ಕತ್ತರಿಸಿದರೆ ಕೊಳೆ ಹೋಗಿ ಪುಸ್ತಕ ಬೆಳ್ಳಗಾಗುತ್ತದೆ.

"ಅಂಚಲ್ಲಿ ಅಲ್ಲೊಂದೇ ಕಡೆ ಯಾಕೆ ಅಷ್ಟು ಕಪ್ಪು?" ತಂಗಿ ಬೆರಳು ತೋರಿಸಿದಳು.

"ಕೊಳೆ. ಈಗ ಹೋಗತ್ತೆ ನೋಡು."

"ಕೊಳೆ ಅಂದ್ರೆ ಎಲ್ಲಾ ಕಡೆ ಇರ್ಬೇಕಲ್ವಾ? ಬಸ್ಸಿನ ಕಂಬ ಹೀಗೆ ಆಗತ್ತೆ, ಎಲ್ಲರೂ ಹಿಡ್ಕೊಳ್ಳೋ ಜಾಗದಲ್ಲಿ."

ಬೈಂಡರ್ ಯಂತ್ರದ ಹಿಡಿಯಿಂದ ಕೈ ತೆಗೆದ. ಇಂಥ ಕಪ್ಪು ಪಟ್ಟಿಗಳನ್ನು ಲೆಕ್ಕವಿಲ್ಲದಷ್ಟು ಕತ್ತರಿಸಿ ಬುಟ್ಟಿಗೆ ಹಾಕಿದ್ದಾನೆ, ಯಾಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪುಸ್ತಕವನ್ನು ಹೊರಗೆ ತೆಗೆದು, ಕಪ್ಪಾಗಿದ್ದಲ್ಲಿ ಬಿಡಿಸಿದ.

ಸದಸ್ಯನೊಬ್ಬನ ಭಾಷಣ ಅದು. ತಂಗಿ ಗಟ್ಟಿಯಾಗಿ ಓದಿದಳು, ನಿಲ್ದಾಣದ ಹೆಸರು ಕೂಗುವ ಅದೇ ದನಿಯಲ್ಲಿ: "'ಒಬ್ಬನ ಮೇಲೆ ಹೊರಿಸಿದ ತಪ್ಪು ಏನೆಂದು ಅವನಿಗೆ ಓದಿ ಹೇಳದೆ, ಅವನ ಉತ್ತರ ಕೇಳದೆ, ಅವನ ಅನ್ನ ಕಸಿಯುವ ಅಧಿಕಾರ ನಾವು ಇಳಿಸಿದ ದೊರೆಗಳಿಗಿತ್ತು. ಅದನ್ನು ಅವರೇ ಗಂಟು ಕಟ್ಟಿಕೊಂಡು ಹೋಗಲಿ. ನಮ್ಮ ಕಚೇರಿಗಳಿಗೆ ಬೇಡ.'"

ಅಂಚಿನ ತುಂಬ ಸೀಸದ ಕಡ್ಡಿಯ ಬರಹ, ಬೇರೆ ಬೇರೆ ಕೈಗಳದು. 'ಗಿರಣಿ ಕೆಲಸಗಾರ. ಸೋಮವಾರ ವಿಚಾರಣೆ.' ಅದರ ಕೆಳಗೆ ಅದೇ ಕೈ: 'ದೂರು ತೋರಿಸಿ ಎಂದು ಕೇಳಿದೆ. ತೋರಿಸಲಿಲ್ಲ. ನಾಳೆ ಮತ್ತೆ ಕೇಳುತ್ತೇನೆ.' ಪಕ್ಕದಲ್ಲಿ, ದುಂಡಾದ ಅಕ್ಷರದಲ್ಲಿ: 'ನಾನು ನರ್ಸ್. ತೋರಿಸಿದರು.' ಇನ್ನೊಬ್ಬರದು ಪೂರ್ತಿ ಅಳಿಸಿಹೋಗಿ 'ಭಯ' ಎಂಬ ಮಾತು ಮಾತ್ರ ಉಳಿದಿತ್ತು.

ಬೈಂಡರನಿಗೆ ನಾಚಿಕೆಯಾಯಿತು. ಮೂವತ್ತು ವರ್ಷದಲ್ಲಿ ಇಂಥ ಎಷ್ಟು ಜನರನ್ನು ಕತ್ತರಿಸಿ ಬುಟ್ಟಿಗೆ ಹಾಕಿದೆನೋ ಎಂದು ಬುಟ್ಟಿಯ ಕಡೆ ನೋಡಿದ.

ತಂಗಿ ಆ ಪುಟವನ್ನು ಇನ್ನೊಮ್ಮೆ ಓದಿಕೊಂಡಳು, ಈ ಸಲ ಮನಸ್ಸಿನಲ್ಲಿ. "ಇವರೆಲ್ಲ ಎಷ್ಟೋ ವರ್ಷದ ಹಿಂದಿನವರು ಅಣ್ಣ. ಈಗ ಯಾರು ಕೇಳ್ತಾರೆ?"

"ನೀನು ಕೇಳು. ನಾನೂ ಬರ್ತೀನಿ."

"ನೀನ್ಯಾಕೆ? ನಿನ್ನ ಮುಖ ನೋಡಿದ್ರೆ ನಾನು ಅತ್ತುಬಿಡ್ತೀನಿ." ಹಾಗೆಂದರೂ, ಅವನು ಚಪ್ಪಲಿ ಮೆಟ್ಟುವವರೆಗೆ ಬಾಗಿಲಲ್ಲಿ ಕಾದಳು.

ಡಿಪೋ ಮ್ಯಾನೇಜರ್ ಕೆಟ್ಟ ಮನುಷ್ಯನೇನಲ್ಲ. ಬೆಳಗಿನಿಂದ ಸೀಟು ಬಿಟ್ಟೆದ್ದಿರಲಿಲ್ಲ. ಮುಖವೆತ್ತದೆಯೇ ಕಾಗದಕ್ಕೆ ಕೈ ಚಾಚಿದ. ಬೈಂಡರ್ ಬಾಗಿಲಲ್ಲೇ ನಿಂತ.

"ಸಹಿ ಹಾಕಿಲ್ಲ ಸಾರ್" ಎಂದಳು ತಂಗಿ. ಸಾವಿರ ಜನರ ಗಲಾಟೆಯಲ್ಲೂ ಕೇಳುವ ಆ ಗಂಟಲಿನಿಂದ ಈಗ ಪಿಸುಮಾತು ಬಂತು. "ದೂರು ಓದಿ ಹೇಳಿ. ಆಮೇಲೆ ಉತ್ತರ ಕೊಡ್ತೀನಿ."

"ಯಾರು ಹೇಳ್ಕೊಟ್ರು ಇದನ್ನ? ಯೂನಿಯನ್ನೋರಾ?"

"ಇಲ್ಲ ಸಾರ್. ಇದನ್ನ ಕೇಳೋ ಹಕ್ಕು ನನಗಿದೆ."

"ಅಲ್ಲಮ್ಮ, ಒಬ್ಬೊಬ್ಬರೂ ಹೀಗೆ ಕೇಳ್ತಾ ಹೋದ್ರೆ ನಾನು ಡಿಪೋ ನಡೆಸೋದು ಹೇಗೆ?"

"ನಿಧಾನಕ್ಕೆ ನಡೆಸಿ ಸಾರ್. ನನಗೇನೂ ಅವಸರ ಇಲ್ಲ."

ಪಕ್ಕದ ಮೇಜಿನ ಗುಮಾಸ್ತ ನಗು ತಡೆಯಲಾರದೆ ಕೆಮ್ಮಿದ. ಮ್ಯಾನೇಜರ್ ಅವನನ್ನೊಮ್ಮೆ ದುರುಗುಟ್ಟಿ, ಇವಳನ್ನೊಮ್ಮೆ ನೋಡಿ, ಅದೇನನ್ನಿಸಿತೋ, "ಆ ಫೈಲು ತಗೊಂಬಾರಯ್ಯ" ಎಂದ.

ಫೈಲು ಸುಲಭಕ್ಕೆ ಸಿಗಲಿಲ್ಲ. ಬೀರುವಿನ ಬಾಗಿಲು ಎರಡು ಸಲ ತೆರೆದು ಮುಚ್ಚಿತು. ತಂಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದಳು. ಓಡಿಹೋಗಿ ಪಕ್ಕದಲ್ಲಿ ನಿಲ್ಲಬೇಕು ಎನ್ನಿಸಿದರೂ ಬೈಂಡರ್ ಕದಲಲಿಲ್ಲ.

ಕೊನೆಗೆ ಧೂಳು ಕೊಡವಿದ ಫೈಲು ಮೇಜಿಗೆ ಬಂತು. ಮ್ಯಾನೇಜರ್ ಕನ್ನಡಕ ಹಾಕಿಕೊಂಡು ಒಳಗಿನ ಪತ್ರವನ್ನು ಬಿಡಿಸಿ, ತಾನೂ ಮೊದಲ ಸಲ ನೋಡುವವನಂತೆ ಅದನ್ನು ಬೆಳಕಿಗೆ ಹಿಡಿದ. ತಂಗಿ ಎದುರಿನ ಕುರ್ಚಿ ಎಳೆದುಕೊಂಡು, ಯಾರ ಅಪ್ಪಣೆಗೂ ಕಾಯದೆ, ಕೂತಳು.

"ಸ್ವಲ್ಪ ಜೋರಾಗಿ ಓದಿ ಸಾರ್" ಎಂದಳು.