ವಿಶ್ರಾಂತಿಯಲ್ಲಿ ಬಿಗಿಯುವ ಬೆರಳುಗಳು

ಹೊಲಿಗೆ ಯಂತ್ರಗಳ ರಿಪೇರಿಯಲ್ಲಿ ಆತನನ್ನು ಮೀರಿಸುವವರಿರಲಿಲ್ಲ. ಹಾಗಾಗಿ, ಬೆಳಗಾದರೆ ದರ್ಜಿ ಕೆಲಸದ ಹೆಂಡತಿಯ ಬೆರಳುಗಳು ಸೆಟೆದು ಅಂಗಿಗೊಂದು ಕಾಜಾ ಹೊಲಿಯಲೂ ಆಗದಂತಾದಾಗ, ರೋಗವನ್ನೂ ಆತನೇ ನಿರ್ಣಯಿಸಿಬಿಟ್ಟ.

“ಕೀಲು ಒಣಗಿದೆ, ಅಷ್ಟೇ. ಎಣ್ಣೆ ತಿಕ್ಕು, ಸೂಜಿ ಮುಟ್ಟಬೇಡ.”

“ತಿಕ್ಕಿ ತಿಕ್ಕಿ ಬಟ್ಟೆಗೆಲ್ಲ ಜಿಡ್ಡು ರೀ! ಅಂಗಿ ಹೊಲಿದಿದ್ದೋ ಕರಿದಿದ್ದೋ ಅಂತ ಗಿರಾಕಿಗಳು ಕೇಳ್ತಿದಾರೆ.”

ಅವಳು ನಕ್ಕಳು. ಆದರೆ ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರದಾದಾಗ ಆ ನಗು ಅರ್ಧಕ್ಕೇ ನಿಂತಿತು. ಮದುವೆಗೂ ಮುಂಚಿನಿಂದ ಅನ್ನ ಕೊಟ್ಟ ಕಸುಬು ಕೈತಪ್ಪೀತೆಂಬ ಭಯ ಅವಳದು.

ದಾದಿಯಾಗಿದ್ದ ಆತನ ಅಕ್ಕ ಅದೇ ದಿನ ಗಂಡಹೆಂಡಿರ ಅಂಗಡಿಗೆ ಬಂದವಳು, ತಮ್ಮನ ಹೆಂಡತಿಯ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ನೋಡಿದಳು.

“ಲೋ ತಮ್ಮ, ಸವೆದ ಮಷೀನು ಯಾವಾಗ ತೊಂದರೆ ಕೊಡುತ್ತೆ? ಓಡಿಸಿದಾಗಲೋ, ನಿಲ್ಲಿಸಿದಾಗಲೋ?”

“ಓಡಿಸಿದಾಗ. ಅದೂ ಕೇಳೋ ಮಾತಾ ಅಕ್ಕ?”

“ಇವಳಿಗೆ ಮಲಗಿ ಎದ್ದಾಗ ಬಿಗಿತ, ಕೈಯಾಡಿಸ್ತಾ ಸಡಿಲ ಆಗುತ್ತೆ. ಕತ್ತರಿ ಹಿಡಿಯೋದು ಬಲಗೈ. ಎಡಗೈಯಲ್ಲೂ ಅದೇ ಗೆಣ್ಣುಗಳು ಯಾಕೆ ಊದಿವೆ, ಹೇಳು?”

ಆತ ತಲೆ ಕೆರೆದುಕೊಂಡ. ತನ್ನ ಕಸುಬಿನಲ್ಲಿ ಇಂಥ ಯಂತ್ರವನ್ನು ಆತ ಕಂಡಿರಲಿಲ್ಲ.

“ಇದು ಸವೆತ ಅಲ್ಲ ಕಣೋ, ರುಮಟಾಯ್ಡ್ ಸಂಧಿವಾತ ಇರಬಹುದು. ರೋಗಾಣುಗಳ ಜೊತೆ ಹೋರಾಡಬೇಕಾದ ಮೈಯೊಳಗಿನ ಕಾವಲು ಪಡೆ ದಾರಿ ತಪ್ಪಿ ಕೀಲಿನ ಒಳಪೊರೆ ಮೇಲೇ ಬೀಳುತ್ತೆ. ಪೊರೆ ಊದುತ್ತೆ. ಹಾಗೇ ಬಿಟ್ರೆ ಮೂಳೆಯನ್ನೂ ಕೊರೆಯುತ್ತೆ.”

“ನಾನೇನು ಪಾಪ ಮಾಡಿದ್ದೆ ಅತ್ತಿಗೆ?”

“ಪಾಪಾನೂ ಅಲ್ಲ, ಶಾಪಾನೂ ಅಲ್ಲ. ಪೂರ್ತಿ ಕಾರಣ ವೈದ್ಯರಿಗೂ ಗೊತ್ತಾಗಿಲ್ಲ. ವಂಶದಿಂದ ಸ್ವಲ್ಪ ಬರುತ್ತೆ, ಹೊಗೆ ಸೇದಿದ್ರೆ ಹೆಚ್ಚುತ್ತೆ. ಹೆಂಗಸರಲ್ಲೇ ಜಾಸ್ತಿ. ಅಂಟುರೋಗ ಅಂತೂ ಅಲ್ಲ.”

ಮರುದಿನ ಆತನೇ ಅಂಗಡಿಗೆ ಬೀಗ ಜಡಿದು ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ. ವೈದ್ಯರ ತಪಾಸಣೆಯೂ ರಕ್ತಪರೀಕ್ಷೆಯೂ ಅಕ್ಕನ ಊಹೆಯನ್ನು ದೃಢಪಡಿಸಿದವು. ಪುಣ್ಯವಶಾತ್ ಕ್ಷ-ಕಿರಣದಲ್ಲಿ ಮೂಳೆಗಳು ಇನ್ನೂ ಅಕ್ಷತವಾಗಿ ಕಂಡವು. ಔಷಧಿ ಮೈಗೆ ಹತ್ತಲು ತಿಂಗಳುಗಳೇ ಹಿಡಿದವು. ಆಮೇಲೊಂದು ಬೆಳಗ್ಗೆ ಅವಳು ಎದ್ದವಳೇ ಗಂಡನ ಕಿವಿ ಹಿಂಡಿದಳು.

“ಅಯ್ಯೋ ಬಿಡೇ, ನೋಯುತ್ತೆ!”

“ನೋಯುತ್ತಾ? ಹಾಗಾದ್ರೆ ಬೆರಳಿಗೆ ಬಲ ಬಂದಿದೆ ರೀ!”

ಕಿವಿ ಕೆಂಪಗಾಗಿದ್ದರೂ ಮೊದಲು ನಕ್ಕವನು ಆತನೇ.

ಬಂಧುಗಳೇ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿದರೆ, ಎರಡೂ ಕೈಗಳ ಗೆಣ್ಣುಗಳ ಊತ ವಾರಗಳು ಕಳೆದರೂ ಇಳಿಯದಿದ್ದರೆ, ತಡಮಾಡದೆ ವೈದ್ಯರನ್ನು ಕಾಣಿರಿ. ಅವರು ಹೇಳದೆ ಔಷಧಿ ನಿಲ್ಲಿಸಬೇಡಿರಿ. ದೇವರು ದಯಪಾಲಿಸಿದ ಕೈಗಳು ದುಡಿಮೆಗೂ ಬೇಕು, ಅಕ್ಕರೆಗೂ ಬೇಕು.